ಇಟಲಿಯ ಮರದ ಸ್ಪೀಡ್‌ಬೋಟ್: ಆ ಹೊಳಪಿನ ಅಡಿಯಲ್ಲಿ ಇರುವುದೇನು?

ಹಿನ್ನೀರು_ನೋಟ:
ಇಟಲಿಯ ರೀವಾ ಕಂಪನಿಯ ಅಕ್ವರಾಮಾ ದೋಣಿಯ ಬಗ್ಗೆ ಎಲ್ಲಿ ಮಾತು ಎದ್ದರೂ ಬ್ರಿಜಿತ್ ಬರ್ದೋ, ಸೋಫಿಯಾ ಲಾರೆನ್, ಮೊನಾಕೊ ಬಂದರು ಅಂತ ಅಲ್ಲೇ ಸುತ್ತಿ ನಿಂತುಬಿಡುತ್ತದೆ. 1962ರಲ್ಲಿ ಹೊರಬಂದ ಮಾದರಿ ಇದು. ಫೈಬರ್‌ಗ್ಲಾಸ್ ಬಂದು ಮರದ ದೋಣಿಗಳನ್ನೆಲ್ಲ ದಡಕ್ಕೆ ಎಳೆದು ಹಾಕಿದ ಮೇಲೂ 1996ರವರೆಗೆ ಕಟ್ಟಿದರು. ಇವತ್ತಿಗೂ ಹಳೆಯದನ್ನು ಬಿಚ್ಚಿ ಮತ್ತೆ ಕಟ್ಟುವ ಕಾರ್ಯಾಗಾರಗಳಿವೆ. ಮರ, ಅಂಟು, ತಿರುಪು, ಎಂಜಿನ್ ಬಲ್ಲವರು ಹೇಳಿ: ಈ ದೋಣಿಗಳಿಗೆ ಇಷ್ಟು ದೀರ್ಘ ಬಾಳಿಕೆ, ಇಷ್ಟು ಮನ್ನಣೆ ಬಂದದ್ದು ಯಾವುದರಿಂದ? ಸಿನಿಮಾ ತಾರೆಯರ ಉತ್ತರ ಬೇಡ.

ಉಳಿ_ಬಾಚಿ:
ಸಾರ್ನಿಕೊದಿಂದ ಶುರು ಮಾಡಬೇಕು. ಉತ್ತರ ಇಟಲಿಯ ಲೊಂಬಾರ್ಡಿಯಲ್ಲಿ, ಇಸೆಯೊ ಸರೋವರದ ದಂಡೆಯ ಸಣ್ಣ ಊರು. 1842ರಲ್ಲಿ ಪಿಯೆತ್ರೊ ರೀವಾ ಹೆಸರು ಮಾಡಿದ್ದು ಹೊಸ ದೋಣಿ ಕಟ್ಟಿ ಅಲ್ಲ, ಬಿರುಗಾಳಿಗೆ ಸಿಕ್ಕ ಬೆಸ್ತರ ದೋಣಿಗಳನ್ನು ರಿಪೇರಿ ಮಾಡಿ. ಮಗ ಎರ್ನೆಸ್ಟೊ ಎಂಜಿನ್ ಕೂರಿಸಿದ, ಮೊಮ್ಮಗ ಸೆರಾಫಿನೊ ರೇಸ್ ದೋಣಿಗಳ ಕಡೆ ಹೊರಳಿದ. ನಾಲ್ಕನೇ ತಲೆಮಾರಿನ ಕಾರ್ಲೊ ರೀವಾ (1922–2017) 1950ರ ಹೊತ್ತಿಗೆ ಚುಕ್ಕಾಣಿ ಹಿಡಿದ.

ಕಾರ್ಲೊ ಮಾಡಿದ ದೊಡ್ಡ ಕೆಲಸ ಗಿರಾಕಿಗೊಂದು ದೋಣಿ ಎಂಬ ಪದ್ಧತಿಯನ್ನು ನಿಲ್ಲಿಸಿದ್ದು. ಅರಿಸ್ಟನ್, ಟ್ರಿಟೋನೆ, ಸೆಬಿನೊ, ಫ್ಲೋರಿಡಾ ಅಂತ ಹೆಸರಿಟ್ಟ ಮಾದರಿಗಳು. ಒಂದೊಂದಕ್ಕೂ ಒಂದೇ ಅಚ್ಚು, ಒಂದೇ ಅಳತೆ. (ಸೆಬಿನೊ ಅಂದರೆ ಇಸೆಯೊ ಸರೋವರಕ್ಕೇ ಇರುವ ಇನ್ನೊಂದು ಹೆಸರು.) ಬಡಗಿಯ ಕೈಚಳಕಕ್ಕೆ ಕಾರ್ಖಾನೆಯ ಶಿಸ್ತು ಸೇರಿತು. ಒಂದು ಮಾದರಿಯ ನೂರಾರು ದೋಣಿ ಕಟ್ಟಿದಾಗ ಎಲ್ಲಿ ಬಿರುಕು ಬರುತ್ತದೆ, ಯಾವ ಸಂದಿನಲ್ಲಿ ನೀರು ನಿಲ್ಲುತ್ತದೆ ಅನ್ನುವುದು ಲೆಕ್ಕಕ್ಕೆ ಸಿಗುತ್ತದೆ, ಮುಂದಿನ ದೋಣಿಯಲ್ಲಿ ತಿದ್ದಬಹುದು. ಒಂಟಿ ದೋಣಿ ಕಟ್ಟುವವರಿಗೆ ಈ ಅನುಕೂಲ ಇರಲಿಲ್ಲ. ಅಂದ ಉಳಿದುಕೊಂಡಿದೆ, ಯಾಕೆಂದರೆ ಅದರ ಕೆಳಗಿನ ಮೂಳೆ ಉಳಿದುಕೊಂಡಿದೆ. ನನ್ನ ಉತ್ತರ ಇಷ್ಟೇ.

ಎರಡು_ಪ್ರೊಪೆಲರ್:
ಒಪ್ಪುತ್ತೇನೆ, ಜೊತೆಗೆ ಎಂಜಿನ್ ಮಾತೂ ಸೇರಬೇಕು. ಯುದ್ಧ ಮುಗಿದ ಇಟಲಿಯಲ್ಲಿ ನಂಬಿಕೆಯ ಹಗುರ ಪೆಟ್ರೋಲ್ ಮರೀನ್ ಎಂಜಿನ್ ಸಿಗುವುದು ಕಷ್ಟವಿತ್ತು. ಕಾರ್ಲೊ ಅಮೆರಿಕಕ್ಕೆ ಹೋಗಿ ಕ್ರಿಸ್-ಕ್ರಾಫ್ಟ್ ಎಂಜಿನ್‌ಗಳನ್ನು ತಂದ. ರೂಪದಲ್ಲೂ ಅಮೆರಿಕದ ಛಾಯೆ ಇದೆ: ಸುತ್ತಿ ಬಾಗಿದ ಗಾಜು, ಕ್ರೋಮ್, ಎರಡು ಬಣ್ಣದ ಸೀಟು, ಎಲ್ಲ ಐವತ್ತರ ದಶಕದ ಕಾರಿನಿಂದ ಬಂದದ್ದು. ಅಕ್ವರಾಮಾ ಎಂಬ ಹೆಸರೂ ಆಗಿನ ಅಗಲ ಪರದೆಯ ಸಿನೆರಾಮಾವನ್ನು ನೆನಪಿಸುವಂತೆ ಇಟ್ಟದ್ದು, ಆ ಅಗಲ ಗಾಜಿನ ಕಾರಣಕ್ಕೆ.

ಅಕ್ವರಾಮಾದಲ್ಲಿ ಎರಡು ಎಂಜಿನ್, ಎರಡು ಶಾಫ್ಟ್, ಎರಡೂ ವಿರುದ್ಧ ದಿಕ್ಕಿಗೆ ತಿರುಗುವಂಥವು. ಒಂದೇ ಎಂಜಿನ್ನಿನ ಅರಿಸ್ಟನ್‌ನಲ್ಲಿ ಬಲಕ್ಕೆ ತಿರುಗುವ ಪ್ರೊಪೆಲರ್ ಇದ್ದರೆ ರಿವರ್ಸ್ ಹಾಕಿದಾಗ ಹಿಂಬದಿ ಎಡಕ್ಕೆ ಎಳೆಯುತ್ತದೆ. ಜೋಡಿ ಎಂಜಿನ್‌ನಲ್ಲಿ ಆ ಎಳೆತ ಒಂದಕ್ಕೊಂದು ರದ್ದಾಗುತ್ತದೆ. ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಹಾಕಿದರೆ ದೋಣಿ ತನ್ನ ಉದ್ದದಷ್ಟು ಜಾಗದಲ್ಲೇ ತಿರುಗುತ್ತದೆ. ಇದರ ಬೆಲೆ ಬಿಡಿಭಾಗದಲ್ಲಿ ತೆರಬೇಕು. ಎಡಕ್ಕೆ ತಿರುಗುವ ಎಂಜಿನ್ನಿನ ಕ್ಯಾಮ್‌ಶಾಫ್ಟ್, ಸ್ಟಾರ್ಟರ್, ಡಿಸ್ಟ್ರಿಬ್ಯೂಟರ್ ಗೇರ್, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಎಲ್ಲ ಬೇರೆ. ಸೀಲಿನ ಒಳಗಿನ ಸುರುಳಿ ಗೆರೆ ಎಣ್ಣೆಯನ್ನು ಒಳಗೆ ತಳ್ಳುವ ದಿಕ್ಕಿಗೇ ಇರಬೇಕು. ಅದನ್ನು ಅದಲುಬದಲು ಹಾಕಿದರೆ ಎಣ್ಣೆ ಸೀದಾ ಬಿಲ್ಜ್‌ಗೆ (ದೋಣಿಯ ಒಳತಳಕ್ಕೆ) ಇಳಿಯುತ್ತದೆ, ಸೀಲ್ ಹೊಸದಾಗಿದ್ದರೂ ಸೋರುತ್ತದೆ.

ಮಲ್ಪೆ_ದಕ್ಕೆ:
ನಮ್ಮ ಕಡೆಯವರಿಗೆ ಮೊದಲು ಬರುವ ಪ್ರಶ್ನೆ: ತೇಗ ಯಾಕಲ್ಲ, ಮಹಾಗನಿ ಯಾಕೆ? ಉತ್ತರ ತೂಕದಲ್ಲಿ ಉಂಟು. ಒಣಗಿದ ತೇಗ ಘನಮೀಟರಿಗೆ ಸುಮಾರು 650 ಕಿಲೋ, ಆಫ್ರಿಕಾದ ಖಾಯಾ ಮಹಾಗನಿ 530ರ ಆಸುಪಾಸು. ನೀರಿನ ಮೇಲೆ ಎದ್ದು ಓಡಬೇಕಾದ ದೋಣಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎರಡನೆಯದು, ತೇಗದ ಮೈಯಲ್ಲಿ ಎಣ್ಣೆ ಇದೆ. ಹುಳ ಹಿಡಿಯದಿರಲಿಕ್ಕೆ ಅದೇ ಕಾರಣ, ಅಂಟು ಹಿಡಿಯದಿರಲಿಕ್ಕೂ ಅದೇ ಕಾರಣ. ಅಂಟಿಸುವ ಸ್ವಲ್ಪ ಮುಂಚೆ ಅಸಿಟೋನ್‌ನಲ್ಲಿ ಒರೆಸದಿದ್ದರೆ ಕೀಲು ಬಿಟ್ಟೇ ಬಿಡ್ತದೆ. ಮಹಾಗನಿ ಅಂಟನ್ನೂ ವಾರ್ನಿಷನ್ನೂ ಚೆನ್ನಾಗಿ ಕುಡಿಯುತ್ತದೆ, ಹವೆ ಬದಲಾದರೂ ಹೆಚ್ಚು ಹಿಗ್ಗಿ ಕುಗ್ಗುವುದಿಲ್ಲ.

ಆದರೆ ಕೊಳೆಯುವ ವಿಷಯದಲ್ಲಿ ತೇಗದ ಎದುರು ಖಾಯಾ ನಿಲ್ಲುವುದಿಲ್ಲ. ಅದಕ್ಕೇ ಈ ದೋಣಿಗೆ ವಾರ್ನಿಷ್ ಅಂದರೆ ಶೃಂಗಾರ ಅಲ್ಲ, ಕವಚ.

ಹಿನ್ನೀರು_ನೋಟ:
ಸರಿ, ಕವಚದ ವಿಷಯಕ್ಕೇ ಬನ್ನಿ. ಇಪ್ಪತ್ತು ಪದರ ವಾರ್ನಿಷ್ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಅಷ್ಟು ಬೇಕಾ? ಹೇಗೆ ಹಚ್ಚುತ್ತಾರೆ?

ಕುಂಚ_ಎಳೆ:
ಬೇಕು. ಹಚ್ಚಿದ ಪ್ರತಿ ಪದರದ ಒಂದಿಷ್ಟು ಭಾಗ ಉಜ್ಜುವಾಗ ಹೋಗುತ್ತದೆ. ಮೇಲ್ಮೈ ಗಾಜಿನಂತೆ ಸಮ ಆಗಬೇಕಾದರೆ ಮರದ ರಂಧ್ರಗಳೆಲ್ಲ ತುಂಬಿ, ಅದರ ಮೇಲೆ ಉಜ್ಜಲು ಸಿಗುವಷ್ಟು ದಪ್ಪ ಉಳಿಯಬೇಕು. ಕ್ರಮ ಹೀಗೆ.

ಮರ ಮೊದಲು ಬರಿಮೈ ಆಗಬೇಕು. ಹಳೆ ವಾರ್ನಿಷನ್ನು ಹೀಟ್ ಗನ್ ಮತ್ತು ಸ್ಕ್ರೇಪರ್‌ನಿಂದ ತೆಗೆಯಿರಿ. ಮೆಷಿನ್ ಸ್ಯಾಂಡರ್ ಮೊದಲಿಗೇ ಇಟ್ಟರೆ ಮೇಲಿನ ತೆಳು ಮಹಾಗನಿ ಪದರವನ್ನೇ ಕೊರೆದುಬಿಡುತ್ತದೆ. ಅಕ್ವರಾಮಾ ಕಾಲದ ದೋಣಿಗಳ ಹೊದಿಕೆ ತೆಳು ಹಾಳೆಗಳನ್ನು ಅಂಟಿಸಿ ಬಾಗಿಸಿದ್ದು, ಒಮ್ಮೆ ತೂತಾದರೆ ಆ ಜಾಗ ಮುಚ್ಚಲು ಸಾಧ್ಯವಿಲ್ಲ, ಇಡೀ ಹಾಳೆ ಬದಲಿಸಬೇಕು. ಆಮೇಲೆ ಉದ್ದನೆಯ ಹಲಗೆಗೆ ಸುತ್ತಿದ 80, 120, 150 ನಂಬರ್ ಉಜ್ಜುಕಾಗದ, ಯಾವಾಗಲೂ ಮರದ ಎಳೆಯ (ನಾರಿನ) ದಿಕ್ಕಿನಲ್ಲಿ.

ಲೋಹದ ಸುತ್ತ ಕಪ್ಪು ಕಲೆ ಇದ್ದರೆ ಅದು ಕಬ್ಬಿಣ ಮತ್ತು ಮರದ ಟ್ಯಾನಿನ್ ಸೇರಿ ಆದದ್ದು. ಒಂದು ಲೀಟರ್ ಬಿಸಿನೀರಿಗೆ 60ರಿಂದ 80 ಗ್ರಾಂ ಆಕ್ಸಾಲಿಕ್ ಆಸಿಡ್ ಕರಗಿಸಿ ಹಲಗೆಯ ಪೂರ್ತಿ ಹಚ್ಚಿ, ಕಲೆಯ ಮೇಲೆ ಮಾತ್ರ ಹಚ್ಚಿದರೆ ಅಲ್ಲೊಂದು ಬಿಳಿ ಮಚ್ಚೆ ಆಗುತ್ತದೆ. ಒಣಗಿದ ಮೇಲೆ ಮೂರು ಸಲ ನೀರಲ್ಲಿ ತೊಳೆಯಿರಿ. ಉಳಿದ ಹರಳುಗಳನ್ನು ಒಣಗಿದಾಗ ಉಜ್ಜಬೇಡಿ, ಅದರ ದೂಳು ಶ್ವಾಸಕೋಶಕ್ಕೆ ವಿಷ. ಮಾಸ್ಕ್, ಕೈಗವಸು ಕಡ್ಡಾಯ.

ನಂತರ ಬಣ್ಣ ಬೆರೆಸಿದ ಗ್ರೇನ್ ಫಿಲ್ಲರ್, ಅಂದರೆ ಮರದ ರಂಧ್ರ ತುಂಬುವ ಲೇಪ. ಎಳೆಗೆ ಅಡ್ಡವಾಗಿ ತಿಕ್ಕಿ ತುಂಬಬೇಕು, ಮಂಕಾದ ಕೂಡಲೇ ಗೋಣಿತಟ್ಟಿನಿಂದ ಅಡ್ಡಡ್ಡ ಒರೆಸಬೇಕು. ಹೆಚ್ಚು ಹೊತ್ತು ಬಿಟ್ಟರೆ ಕಲ್ಲಾಗುತ್ತದೆ, ಬೇಗ ಒರೆಸಿದರೆ ರಂಧ್ರದಿಂದ ಎದ್ದು ಬರುತ್ತದೆ. ಕನಿಷ್ಠ ಎರಡು ದಿನ ಒಣಗಲಿ.

ಮೊದಲ ಪದರಕ್ಕೆ ವಾರ್ನಿಷ್ ಅರ್ಧ, ತಿನ್ನರ್ ಅರ್ಧ. ಎರಡನೆಯದಕ್ಕೆ ತಿನ್ನರ್ ಕಾಲು ಭಾಗ, ಮೂರನೆಯದಕ್ಕೆ ನೂರಕ್ಕೆ ಹತ್ತು. ಅಲ್ಲಿಂದ ಮುಂದೆ ಡಬ್ಬದಲ್ಲಿ ಇದ್ದಂತೆಯೇ, ಬಿಸಿಲು ಹೆಚ್ಚಿದ್ದರೆ ಮಾತ್ರ ಚೂರು ತೆಳು. ಮೊದಲ ಐದಾರು ಪದರ 220ರಲ್ಲಿ, ಮಧ್ಯದವು 320ರಲ್ಲಿ, ಕೊನೆಯ ನಾಲ್ಕು 400ರಲ್ಲಿ ನೀರು ಹಾಕಿ ಉಜ್ಜಬೇಕು. ದಿನಕ್ಕೊಂದೇ ಪದರ. ಸಾಂಪ್ರದಾಯಿಕ ಪದ್ಧತಿಯಲ್ಲಿ ಮೊದಲ ಅರ್ಧ ಬ್ರಷ್‌ನಲ್ಲಿ, ಮೇಲಿನ ಅರ್ಧ ಸ್ಪ್ರೇಯಲ್ಲಿ.

ಲೆಕ್ಕ ಬೇಕಾದರೆ: ಎಂಟೂವರೆ ಮೀಟರ್ ದೋಣಿಯ ಎರಡು ಬದಿ, ಡೆಕ್, ಹಿಂಬದಿ ಸೇರಿ ಸುಮಾರು 25 ಚದರ ಮೀಟರ್ ಹಿಡಿಯಿರಿ. ಒಂದು ಲೀಟರ್ ವಾರ್ನಿಷ್ 12ರಿಂದ 14 ಚದರ ಮೀಟರ್ ಹೋಗುತ್ತದೆ. ಪದರಕ್ಕೆ ಎರಡು ಲೀಟರ್, ಒಟ್ಟು 35ರಿಂದ 40 ಲೀಟರ್. ಹವೆ ಸಹಕರಿಸಿದರೂ ಐದಾರು ವಾರದ ಕೆಲಸ.

ಎರಡು_ಪ್ರೊಪೆಲರ್:
ಹವೆ ಅಂದಿರಿ. ಅಂಕಿ ಹೇಳಿಬಿಡಿ, ಇಲ್ಲಿ ಓದುವವರಲ್ಲಿ ಕರಾವಳಿಯವರು ತುಂಬ ಇದ್ದಾರೆ.

ಕುಂಚ_ಎಳೆ:
ಗಾಳಿ 15ರಿಂದ 25 ಡಿಗ್ರಿ, ತೇವಾಂಶ ಶೇ. 65ರ ಒಳಗೆ. ಮರದ ಮೇಲ್ಮೈ ಇಬ್ಬನಿ ಕೂರುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಸಂಜೆ ಹಚ್ಚಬೇಡಿ, ರಾತ್ರಿಯ ತಂಪಿಗೆ ಹಸಿ ಪದರದ ಮೇಲೆ ತೇವ ಕೂತು ಬೆಳಿಗ್ಗೆ ಹಾಲು ಬಿದ್ದಂತೆ ಮಂಕಾಗಿರುತ್ತದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ಒಳಗೆ ಮುಗಿಸಿದರೆ ಒಳ್ಳೆಯದು. ಮಂಗಳೂರು, ಉಡುಪಿಯ ಕಡೆ ತೆರೆದ ಶೆಡ್ಡಿನಲ್ಲಿ ಇದು ಡಿಸೆಂಬರ್–ಜನವರಿಯ ಒಣ ದಿನಗಳಲ್ಲಿ ಮಾತ್ರ ಕೂಡಿಬರುವ ಲೆಕ್ಕ. ಆಗಲೂ ಮಧ್ಯಾಹ್ನದ ಸೆಕೆ ಈ ಮಿತಿ ದಾಟುತ್ತದೆ, ಹಾಗಾಗಿ ನಿಧಾನ ಒಣಗುವ ತಿನ್ನರ್ ಬಳಸಬೇಕು. ಮಳೆಗಾಲದಲ್ಲಿ ತೇವಾಂಶ ಇಳಿಸುವ ಯಂತ್ರ ಇಟ್ಟ ಮುಚ್ಚಿದ ಕೋಣೆ ಇಲ್ಲದೆ ಕೈ ಹಾಕಲೇಬಾರದು.

ಇನ್ನೊಂದು, ಸಿಲಿಕೋನ್. ಶೆಡ್ಡಿನಲ್ಲಿ ಯಾರಾದರೂ ಡ್ಯಾಶ್‌ಬೋರ್ಡ್ ಪಾಲಿಶ್ ಸ್ಪ್ರೇ ಹೊಡೆದರೂ ಸಾಕು, ವಾರ್ನಿಷ್ ಮೇಲೆ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ. ಆ ಪದರವನ್ನು ಪೂರ್ತಿ ಕಿತ್ತು ತೊಳೆಯದೆ ಬೇರೆ ದಾರಿಯಿಲ್ಲ.

ರಾಳ_ರಸಾಯನ:
ಇಷ್ಟೆಲ್ಲ ಯಾಕೆ? ಕೆಳಗೆ ಮೂರು ಪದರ ತಿಳಿ ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ರಾಳ), ಮೇಲೆ ಯುವಿ ತಡೆಯುವ ಎರಡು ಭಾಗದ ಪಾಲಿಯುರೆಥೇನ್ ಆರು ಪದರ. ಎಪಾಕ್ಸಿ ನೀರಾವಿಯನ್ನು ವಾರ್ನಿಷ್‌ಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಹದಿನೈದು ದಿನದಲ್ಲಿ ಮುಗಿಯುವ ಕೆಲಸ.

ಉಳಿ_ಬಾಚಿ:
ದೋಣಿ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಹಾಳೆ ಅಂಟಿಸಿದ ಹೊದಿಕೆ ಹೆಚ್ಚು ಅಲುಗಾಡುವುದಿಲ್ಲ, ಅದಕ್ಕೆ ಎಪಾಕ್ಸಿ ಒಗ್ಗುತ್ತದೆ. ಐವತ್ತರ ದಶಕದ ಆರಂಭದ, ಹಲಗೆ ಪಕ್ಕಕ್ಕೆ ಹಲಗೆ ಜೋಡಿಸಿ ತಿರುಪು ಹೊಡೆದ ದೋಣಿಗೆ ಎಪಾಕ್ಸಿ ಹಚ್ಚಿದರೆ ಒಂದೇ ಋತುವಿನಲ್ಲಿ ಪ್ರತಿ ಸಂದಿನ ಮೇಲೂ ಕೂದಲೆಳೆ ಬಿರುಕು ಬರುತ್ತದೆ. ಮರ ನೀರಲ್ಲಿ ಹಿಗ್ಗುತ್ತದೆ, ದಡದಲ್ಲಿ ಕುಗ್ಗುತ್ತದೆ, ಎಪಾಕ್ಸಿ ಜೊತೆಗೆ ಬರುವುದಿಲ್ಲ. ಬಿರುಕಿನಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯೂ ಇರುವುದಿಲ್ಲ.

ಬಿಸಿಯ ಮಾತೂ ಇದೆ. ಸಾಮಾನ್ಯ ಎಪಾಕ್ಸಿ 50–60 ಡಿಗ್ರಿಯಲ್ಲಿ ಮೆತ್ತಗಾಗಲು ಶುರು. ಗಾಢ ಕೆಂಪು ಡೆಕ್ ಬೇಸಿಗೆ ಬಿಸಿಲಿನಲ್ಲಿ ಆ ಮಟ್ಟ ಮುಟ್ಟುತ್ತದೆ. ಆಗ ಒಳಗಿನ ಎಳೆ, ಸಂದು, ತಿರುಪಿನ ತಲೆ ಮುಚ್ಚಿದ ಮರದ ಬಿರಡೆಯ ವೃತ್ತ ಎಲ್ಲ ಮೇಲೆ ಮೂಡುತ್ತವೆ, ಎಷ್ಟು ಕನ್ನಡಿಯಂತೆ ಉಜ್ಜಿದ್ದರೂ ಸರಿ.

ರಾಳ_ರಸಾಯನ:
ಬಿಸಿಯ ಮಾತು ಒಪ್ಪಿದೆ. ಬಿಸಿ ತಡೆಯುವ ಹಾರ್ಡನರ್ ಬಳಸಿ, ಕೋಣೆಯನ್ನೇ ಬೆಚ್ಚಗೆ ಇಟ್ಟು ಪೂರ್ತಿ ಗಟ್ಟಿಯಾಗಲು ಬಿಟ್ಟರೆ ಆ ಮಿತಿ ಮೇಲಕ್ಕೆ ಹೋಗುತ್ತದೆ. ಎಪಾಕ್ಸಿ ಬಳಸುವವರು ಮಾಡುವ ಮೊದಲ ತಪ್ಪು ಬೇರೆ: ಗಟ್ಟಿಯಾದ ಮೇಲೆ ಮೇಲ್ಮೈಯಲ್ಲಿ ಏಳುವ ಮೇಣದಂಥ ಅಮೈನ್ ಜಿಡ್ಡನ್ನು ತೊಳೆಯದೆ ಉಜ್ಜುವುದು. ಅದು ಕಾಗದದ ಜೊತೆ ಒಳಗೆ ತಿಕ್ಕಿಕೊಂಡು, ಮೇಲಿನ ವಾರ್ನಿಷ್ ವಾರಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಬರಿ ನೀರು, ಒರಟು ಪ್ಯಾಡ್, ಆಮೇಲೆ ಒಣಬಟ್ಟೆ. ನೀರು ಮುತ್ತಾಗದೆ ಹಾಳೆಯಂತೆ ಹರಡಿದರೆ ಮಾತ್ರ ಉಜ್ಜಲು ಶುರು ಮಾಡಿ.

ಕುಂಚ_ಎಳೆ:
ಎಪಾಕ್ಸಿಯ ಮೇಲೆ ನನ್ನ ಆಕ್ಷೇಪ ಇನ್ನೊಂದು. ಹಿಂದಕ್ಕೆ ತರಲು ಆಗುವುದಿಲ್ಲ. ವಾರ್ನಿಷ್ ಕೆಟ್ಟರೆ ಅಷ್ಟು ಜಾಗ ಕೆರೆದು ತೇಪೆ ಹಾಕಬಹುದು. ವರ್ಷಕ್ಕೆ ಎರಡು ಹೊಸ ಪದರ ಹಚ್ಚುತ್ತ ಹೋದರೆ ಕೆಳಗಿನ ಮರ ಬಿಸಿಲು ನೋಡದೆ ದಶಕಗಟ್ಟಲೆ ಇರುತ್ತದೆ. ತಪ್ಪಿಸಿದ ವರ್ಷ ನೇರಳಾತೀತ ಕಿರಣ ತೆಳುವಾದ ಪದರ ದಾಟಿ ಮರದ ನಾರನ್ನು ಹಿಡಿದಿಡುವ ಲಿಗ್ನಿನ್ ಅನ್ನು ಒಡೆಯುತ್ತದೆ. ವಾರ್ನಿಷ್ ಹಿಡಿದುಕೊಂಡಿದ್ದ ಮೇಲಿನ ನಾರೇ ಪುಡಿಯಾದ ಮೇಲೆ ಅದು ಸಿಪ್ಪೆಯಂತೆ ಏಳುತ್ತದೆ. ಜನ ವಾರ್ನಿಷ್ ಕಂಪನಿಯನ್ನು ಬೈಯುತ್ತಾರೆ, ಬಿಟ್ಟದ್ದು ಮರದ ಕಡೆಯಿಂದ.

ತೋಟದ_ಮರ:
ಮಧ್ಯೆ ಒಂದು ಪ್ರಶ್ನೆ. ಈಗ ನಮ್ಮ ಜಿಲ್ಲೆಗಳಲ್ಲಿ ರೈತರು ಮಹಾಗನಿ ಹಾಕುತ್ತಿದ್ದಾರೆ, ಹತ್ತು–ಹನ್ನೆರಡು ವರ್ಷಕ್ಕೆ ಕಟಾವು ಅನ್ನುತ್ತಾರೆ. ಆ ಮರ ಇಂಥ ದೋಣಿಯ ರಿಪೇರಿಗೆ ಬರುತ್ತದಾ?

ಮಲ್ಪೆ_ದಕ್ಕೆ:
ಆ ವಯಸ್ಸಿನ ಮರ ಬೇಡ. ತೋಟದ್ದು ಅಮೆರಿಕ ಮೂಲದ ಸ್ವಿಟೇನಿಯಾ, ಜಾತಿ ಒಳ್ಳೆಯದೇ, ದೋಷ ವಯಸ್ಸಿನದು. ಹನ್ನೆರಡು ವರ್ಷದ ಕಾಂಡದಲ್ಲಿ ಬಿಳಿಮರವೇ ಹೆಚ್ಚು, ಕೆಂಪು ತಿರುಳು ಕಡಿಮೆ. ಬಿಳಿಮರಕ್ಕೆ ಕೊಳೆ ಬೇಗ ಹಿಡಿಯುತ್ತದೆ. ಎಳೆಯ ಮರದ ನಾರು ಉದ್ದಕ್ಕೂ ಕುಗ್ಗುತ್ತದೆ, ಹಾಗಾಗಿ ಹಲಗೆ ಸೊಟ್ಟಾಗುತ್ತದೆ. ಪೀಠೋಪಕರಣಕ್ಕೆ ಸರಿ. ಹೊದಿಕೆಗೆ ಬೇಕಾದ್ದು ದೊಡ್ಡ ಸುತ್ತಳತೆಯ ಹಳೆ ಮರ, ಎಳೆ ನೇರ, ಗಂಟಿಲ್ಲದ್ದು, ನಿಧಾನ ಒಣಗಿಸಿದ್ದು. ಕಟ್ಟುವ ಹೊತ್ತಿಗೆ ತೇವಾಂಶ ಶೇ. 12ರಿಂದ 15.

ವಿದೇಶಿ ಮಹಾಗನಿ ತರಿಸುವುದಾದರೆ ಸೈಟಿಸ್ (ಅಳಿವಿನಂಚಿನ ಸಸ್ಯ–ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದ ನೋಡಿಕೊಳ್ಳಿ. ಮಧ್ಯ–ದಕ್ಷಿಣ ಅಮೆರಿಕದ ದೊಡ್ಡ ಎಲೆ ಮಹಾಗನಿ 2003ರಿಂದ ಎರಡನೇ ಅನುಬಂಧದಲ್ಲಿದೆ, ಆಫ್ರಿಕಾದ ಖಾಯಾವೂ 2023ರಿಂದ ಸೇರಿದೆ. ಕಾಗದ ಇಲ್ಲದ ಮರ ಕಸ್ಟಮ್ಸ್‌ನಲ್ಲೇ ಉಳಿಯುತ್ತದೆ.

ಹಿನ್ನೀರು_ನೋಟ:
ಹಳೆಯ ದೋಣಿ ಎದುರಿಗಿದೆ, ವಾರ್ನಿಷ್ ಥಳಥಳ. ಕೊಳ್ಳುವ ಮುಂಚೆ ಎಲ್ಲಿ ನೋಡಬೇಕು?

ಉಳಿ_ಬಾಚಿ:
ಥಳಥಳ ಇರುವ ಕಡೆ ನೋಡಬೇಡಿ. ಬಿಲ್ಜ್‌ನ ಹಲಗೆ ಎತ್ತಿಸಿ, ಟಾರ್ಚ್ ಹಿಡಿದು ಒಳಗಿನಿಂದ ಶುರು ಮಾಡಿ. ಜನ ಉಪ್ಪುನೀರಿಗೆ ಹೆದರುತ್ತಾರೆ. ಮರವನ್ನು ಕೊಳೆಸುವುದು ಸಿಹಿನೀರು, ಅದರಲ್ಲೂ ಮೇಲಿನಿಂದ ಇಳಿದ ಮಳೆನೀರು. ತೇವಾಂಶ ಶೇ. 20 ದಾಟಿ ಗಾಳಿಯೂ ಇದ್ದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಅಂದರೆ ಸದಾ ಮುಳುಗಿರುವ ತಳಕ್ಕಿಂತ ಡೆಕ್ಕಿನ ಅಂಚು, ಹಿಂಬದಿ ಹಲಗೆಯ ಮೇಲ್ತುದಿ, ಗಾಜಿನ ಬುಡ, ಫ್ರೇಮುಗಳ ತಲೆ ಇವೇ ಮೊದಲು ಹೋಗುವ ಜಾಗ. ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಮರ ಟಣ್ ಅನ್ನುತ್ತದೆ, ಕೊಳೆತದ್ದು ಬೊದ್ ಅನ್ನುತ್ತದೆ.

ಎಂಜಿನ್ ಕೂತಿರುವ ಉದ್ದ ತೊಲೆಗಳ ಮೇಲೆ ಎಣ್ಣೆ, ನೀರು ಎರಡೂ ಬೀಳುತ್ತವೆ. ಬೋಲ್ಟಿನ ಬುಡ ಮೆತ್ತಗಾಗಿದ್ದರೆ ಎಂಜಿನ್ ಅಲುಗುತ್ತದೆ, ಶಾಫ್ಟ್ ಸಾಲು ತಪ್ಪುತ್ತದೆ, ಬೇರಿಂಗ್ ಸವೆಯುತ್ತದೆ. ಮೂಲ ಮಾತ್ರ ಒಂದು ಮೆತ್ತಗಾದ ಮರ.

ತಳದಿಂದ ನಾಲ್ಕೈದು ತಿರುಪು ಬಿಚ್ಚಿಸಿ ನೋಡಲು ಒಪ್ಪಿಗೆ ಕೇಳಿ. ಹಿಂದಿನ ರಿಪೇರಿಯಲ್ಲಿ ಹಿತ್ತಾಳೆ ತಿರುಪು ಹಾಕಿದ್ದರೆ ಸತು ಕರಗಿಹೋಗಿ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ, ಕೈಯಲ್ಲೇ ಮುರಿಯುತ್ತದೆ. ಹೊಸದಾಗಿ ಹಾಕುವುದು ಸಿಲಿಕಾನ್ ಕಂಚಿನದೇ ಆಗಿರಲಿ. ಸ್ಟೇನ್‌ಲೆಸ್ ಮರದೊಳಗೆ ಗಾಳಿ ಸಿಗದ ತೇವದಲ್ಲಿ ಬಿರುಕಿನ ತುಕ್ಕಿಗೆ ಬೀಳುತ್ತದೆ, ತಲೆ ಹೊಳೆಯುತ್ತಿರುತ್ತದೆ, ಕುತ್ತಿಗೆ ಸವೆದಿರುತ್ತದೆ.

ರಾಳ_ರಸಾಯನ:
ಇದಕ್ಕೆ ಸೇರಿಸಬೇಕಾದ್ದು: ಶಾಫ್ಟ್ ಹಿಡಿದಿಡುವ ಕಂಚಿನ ಸ್ಟ್ರಟ್, ನೀರಿನ ವಾಲ್ವ್ ಇವುಗಳ ಸುತ್ತ ಮರ ಬಿಳಿಚಿ, ಹತ್ತಿಯಂತೆ ಮೆತ್ತಗಾಗಿ, ಮೇಲೆ ಬಿಳಿ ಪುಡಿ ಕೂತಿದ್ದರೆ ಅದು ಕೊಳೆ ಅಲ್ಲ. ಹೆಚ್ಚು ಆನೋಡ್ (ಉಳಿದ ಲೋಹದ ಬದಲು ತಾನೇ ಸವೆಯುವ ಲೋಹದ ಗಟ್ಟಿ) ಹಾಕಿದ ಫಲ. ಎಲ್ಲ ಲೋಹವನ್ನೂ ತಂತಿಯಿಂದ ಕಟ್ಟಿ ದೊಡ್ಡ ಸತುವಿನ ಗಟ್ಟಿ ಹಾಕಿದಾಗ ಕಂಚಿನ ಮೇಲ್ಮೈಯಲ್ಲಿ ಕ್ಷಾರ ಹುಟ್ಟುತ್ತದೆ. ಆ ಕ್ಷಾರ ಲಿಗ್ನಿನ್ ಕರಗಿಸುತ್ತದೆ, ಕಾಗದದ ಕಾರ್ಖಾನೆಯಲ್ಲಿ ಆಗುವುದೇ ಇಲ್ಲೂ ಆಗುತ್ತದೆ. ಲೋಹ ಉಳಿಯಿತು, ಅದನ್ನು ಹಿಡಿದ ಮರ ಹೋಯಿತು. ಸಿಹಿನೀರಿಗೆ ಮೆಗ್ನೀಸಿಯಂ ಆನೋಡ್ ಅನ್ನುವ ನಿಯಮವನ್ನು ಕಣ್ಣುಮುಚ್ಚಿ ಪಾಲಿಸಿದರೆ ಮರದ ದೋಣಿಯಲ್ಲಿ ಇದು ಇನ್ನೂ ಬೇಗ. ಬೆಳ್ಳಿ–ಬೆಳ್ಳಿ ಕ್ಲೋರೈಡ್ ಅಳತೆಕಡ್ಡಿಯನ್ನು ನೀರಿಗೆ ಇಳಿಬಿಟ್ಟು, ಲೋಹದ ವೋಲ್ಟೇಜ್ ಅಳೆದು ನೋಡಿ. ಮರದ ದೋಣಿಗೆ ಮೈನಸ್ 550ರಿಂದ 600 ಮಿಲಿವೋಲ್ಟ್ ಒಳಗೇ ನಿಲ್ಲಿಸಬೇಕು. ಅದಕ್ಕಿಂತ ಕೆಳಗೆ ಹೋದರೆ ಆನೋಡ್ ಚಿಕ್ಕದು ಮಾಡಿ. ಹಿಡಿದ ಪುಡಿಯನ್ನು ತೆಳು ವಿನೆಗರ್‌ನಿಂದ ತೊಳೆದು, ನೀರಿನಲ್ಲಿ ಜಾಲಿಸಿ, ಒಣಗಿಸಿ. ಮೆತ್ತಗಾದ ಮರ ಮಾತ್ರ ಕತ್ತರಿಸಿ ಬದಲಿಸದೆ ವಿಧಿಯಿಲ್ಲ.

ಉಳಿ_ಬಾಚಿ:
ಬಹಳ ಒಳ್ಳೆಯ ಅಂಶ. ಕ್ರೋಮ್ ಬಗ್ಗೆಯೂ ಒಂದು ಮಾತು: ಮೂಲ ಹಿಡಿ, ಕ್ಲೀಟ್, ದೀಪದ ಗೂಡು ಎಲ್ಲ ಎರಕದ ಲೋಹ. ಮರುಲೇಪನಕ್ಕೆ ಕೊಟ್ಟಾಗ ಗುಳಿ ತೆಗೆಯಲು ಚಕ್ರಕ್ಕೆ ಹಿಡಿದು ಅಂಚುಗಳನ್ನೆಲ್ಲ ಸೋಪಿನಂತೆ ದುಂಡು ಮಾಡಿ ಕಳಿಸುತ್ತಾರೆ. ಗುಳಿಯನ್ನು ತಾಮ್ರ ಲೇಪಿಸಿ ತುಂಬಿ, ಸಮ ಮಾಡಿ, ನಿಕಲ್ ದಪ್ಪವಾಗಿ ಹಾಕಿ, ಕೊನೆಗೆ ಕ್ರೋಮ್. ತುಕ್ಕು ತಡೆಯುವುದು ನಿಕಲ್. ಕ್ರೋಮ್ ಬರಿ ತೆಳು ತೊಗಲು.

ಎರಡು_ಪ್ರೊಪೆಲರ್:
ಹೊಗಳಿಕೆಯ ನಡುವೆ ಒಂದು ಮಿತಿಯನ್ನೂ ಹೇಳಲೇಬೇಕು. ಈ ತಳದ ಆಕಾರ ಸರೋವರಕ್ಕೆ ಹುಟ್ಟಿದ್ದು. ಮೂತಿಯಲ್ಲಿ ಚೂಪು, ಹಿಂದಕ್ಕೆ ಬರಬರುತ್ತ ಬಹುತೇಕ ಚಪ್ಪಟೆ. ಹಾಗಾಗಿ ಬೇಗ ನೀರಿನ ಮೇಲೆ ಏಳುತ್ತದೆ, ಕಡಿಮೆ ಶಕ್ತಿಯಲ್ಲಿ ಓಡುತ್ತದೆ. ಇಸೆಯೊ, ಕೊಮೊ, ಗಾರ್ದಾದ ಬೆಳಗಿನ ನೀರಿಗೆ ಇದಕ್ಕಿಂತ ಸೊಗಸಾದ ಓಟ ಇಲ್ಲ. ತೆರೆದ ಸಮುದ್ರದ ಅಲೆಯಲ್ಲಿ ಅದೇ ಚಪ್ಪಟೆ ತಳ ದಬದಬ ಬಡಿಯುತ್ತದೆ, ಆ ಹೊಡೆತ ಸೀದಾ ತಳದ ತಿರುಪುಗಳಿಗೆ. ಹಿಂಬದಿಯವರೆಗೂ 20–24 ಡಿಗ್ರಿ ಇಳಿಜಾರು ಇಡುವ ಆಳದ ವಿ ತಳ ಅರವತ್ತರ ದಶಕದಲ್ಲಿ ಸಮುದ್ರ ರೇಸುಗಳನ್ನು ಆಳಿದ್ದು ಇದೇ ಕಾರಣಕ್ಕೆ.

ಅಲ್ಲಿ ಭಾರತದ ಕೊಂಡಿಯೂ ಇದೆ. ಆ ಬಗೆಯ ಇಟಾಲಿಯನ್ ದೋಣಿಗಳ ದೊಡ್ಡ ವಿನ್ಯಾಸಕ ರೆನಾತೊ 'ಸಾನಿ' ಲೆವಿ ಹುಟ್ಟಿದ್ದು 1926ರಲ್ಲಿ ಕರಾಚಿಯಲ್ಲಿ, ಕೈ ಪಳಗಿಸಿಕೊಂಡದ್ದು ಬೊಂಬಾಯಿಯಲ್ಲಿ ತಂದೆಯ ಆಫ್ಕೊ ದೋಣಿ ಕಾರ್ಖಾನೆಯಲ್ಲಿ. ಆಮೇಲೆ ಇಟಲಿಗೆ ಹೋಗಿ ಆತ ವಿನ್ಯಾಸ ಮಾಡಿದ 'ಅ ಸ್ಪೆರಾನ್ಜಿಯೆಲ್ಲಾ' ಎಂಬ ದೋಣಿ 1963ರಲ್ಲಿ ಇಂಗ್ಲೆಂಡಿನ ಕೌಸ್–ಟಾರ್ಕಿ ಸಮುದ್ರ ಓಟ ಗೆದ್ದಿತು. ರೀವಾದ ಅಬ್ಬರದಲ್ಲಿ ಈ ಹೆಸರು ಮರೆಯಾಗಬಾರದು.

ಕುಂಚ_ಎಳೆ:
ತಿಮೋಸ್ಸಿ ಕೂಡ. ಕೊಮೊ ಸರೋವರದ ಈ ಕಾರ್ಯಾಗಾರ ಕಟ್ಟಿದ ಆರ್ನೊ 11ಕ್ಕೆ ಫೆರಾರಿಯ 4.5 ಲೀಟರ್ ವಿ12 ಎಂಜಿನ್ ಕೂರಿಸಿ, 1953ರ ಅಕ್ಟೋಬರ್ 15ರಂದು ಅಕಿಲ್ಲೆ ಕಾಸ್ತೋಲ್ದಿ ಗಂಟೆಗೆ 241.708 ಕಿ.ಮೀ. ವೇಗ ಮುಟ್ಟಿದ. 800 ಕಿಲೋ ವರ್ಗದ ದಾಖಲೆ. ಓಡಿಸಿದ ನೀರು ಯಾವುದು ಗೊತ್ತೇ? ಸಾರ್ನಿಕೊದ ಅದೇ ಇಸೆಯೊ. ಮರದ ಮೈ ಎಂಥ ಹೊಡೆತ ತಾಳಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ತೋಟದ_ಮರ:
ಹೊಸ ರೀವಾಗಳು ಈಗಲೂ ಮರದವೇ?

ಎರಡು_ಪ್ರೊಪೆಲರ್:
ಅಲ್ಲ. ಕಾರ್ಲೊ 1969ರಲ್ಲಿ ಕಂಪನಿಯನ್ನು ಅಮೆರಿಕದ ವ್ಹಿಟೇಕರ್‌ಗೆ ಮಾರಿದ, 1971ರಲ್ಲಿ ಹೊರಬಂದ. 2000ದಿಂದ ಅದು ಫೆರೆಟ್ಟಿ ಗುಂಪಿನಲ್ಲಿದೆ. ಹೊಸ ಮಾದರಿ ಅಕ್ವರೀವಾದ ಮೈ ಫೈಬರ್‌ಗ್ಲಾಸ್, ಡೆಕ್ ಮಾತ್ರ ಮಹಾಗನಿ. ಗಟ್ಟಿ ದೋಣಿ, ಆದರೆ ಇಲ್ಲಿನ ಚರ್ಚೆಯ ದೋಣಿ ಬೇರೆ. ಮರ ಇಲ್ಲಿ ಮೇಲೆ ಹೊದಿಸಿದ್ದಲ್ಲ, ಭಾರ ಹೊರುವುದೇ ಅದು.

ಹಿನ್ನೀರು_ನೋಟ:
ಓಡಿಸುವ ಖರ್ಚು, ಜಾಗ್ರತೆ?

ಎರಡು_ಪ್ರೊಪೆಲರ್:
ಪೆಟ್ರೋಲ್ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಗಂಟೆಗೆ ಒಂದು ಅಶ್ವಶಕ್ತಿಗೆ ಸುಮಾರು 0.3 ಲೀಟರ್ ಕುಡಿಯುತ್ತದೆ. 220 ಅಶ್ವಶಕ್ತಿಯ ಜೋಡಿ ಎಂಜಿನ್‌ಗೆ ಗಂಟೆಗೆ 130 ಲೀಟರ್. ಸಾಮಾನ್ಯ ಓಟದಲ್ಲಿ ಅದರ ಅರ್ಧ. ಎಥನಾಲ್ ಬೆರೆತ ಪೆಟ್ರೋಲ್ ಈ ಕಾಲದ ರಬ್ಬರ್ ಪೈಪು, ಕಾರ್ಬ್ಯುರೇಟರ್ ಡಯಾಫ್ರಾಮ್ ಎರಡನ್ನೂ ಉಬ್ಬಿಸಿ ಬಿರಿಸುತ್ತದೆ. ನಮ್ಮಲ್ಲಿ ಇ20 (ಶೇ. 20 ಎಥನಾಲ್ ಬೆರೆತ ಪೆಟ್ರೋಲ್) ಬಂದ ಮೇಲೆ ಯಾವ ಹಳೆ ಪೆಟ್ರೋಲ್ ದೋಣಿಗೂ ಇದೇ ಕಥೆ. ಪೈಪುಗಳನ್ನೆಲ್ಲ ಎಥನಾಲ್ ತಾಳುವ ಮರೀನ್ ದರ್ಜೆಗೆ ಬದಲಿಸದೆ ಕೀಲಿ ತಿರುಗಿಸಬೇಡಿ.

ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜ್‌ನಲ್ಲಿ ಹೋಗಿ ಕೂರುತ್ತದೆ. ಎಂಜಿನ್ ಮೇಲಿನ ಸನ್‌ಬೆಡ್ ಎತ್ತಿ ಮೂಸಿ ನೋಡಿ, ಆವಿ ಹೊರಹಾಕುವ ಬ್ಲೋವರ್ ಫ್ಯಾನ್ ಐದು ನಿಮಿಷ ಓಡಿಸಿ, ಆಮೇಲೆ ಸ್ಟಾರ್ಟ್. ಪೆಟ್ರೋಲ್ ತುಂಬಿಸಿದ ಮೇಲಂತೂ ತಪ್ಪಿಸಲೇಬಾರದು.

ಶಾಫ್ಟ್ ಸಾಲು: ದೋಣಿ ದಡದ ಮೇಲಿರುವಾಗ ಸರಿಮಾಡಿದ್ದು ನೀರಿಗಿಳಿದ ಮೇಲೆ ಉಳಿಯುವುದಿಲ್ಲ, ಮರದ ಮೈ ಸ್ವಲ್ಪ ಬಾಗುತ್ತದೆ. ನೀರಲ್ಲಿ ಎರಡು ದಿನ ಬಿಟ್ಟು ಅಳೆಯಿರಿ. ಎಂಜಿನ್ ಮತ್ತು ಶಾಫ್ಟ್ ಕೂಡುವ 100 ಮಿ.ಮೀ. ಫ್ಲ್ಯಾಂಜ್‌ (ಬಿಲ್ಲೆ) ಜೋಡಿಯ ನಡುವಿನ ಸಂದಿನಲ್ಲಿ ಸುತ್ತಲೂ ವ್ಯತ್ಯಾಸ 0.1 ಮಿ.ಮೀ. ದಾಟಬಾರದು. ಗ್ಲ್ಯಾಂಡ್ ಪ್ಯಾಕಿಂಗ್ (ಶಾಫ್ಟ್ ದೋಣಿಯಿಂದ ಹೊರಬರುವಲ್ಲಿ ನೀರು ತಡೆಯುವ ಸುತ್ತು) ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಎರಡು–ಮೂರು ಹನಿ ತೊಟ್ಟಿಕ್ಕಬೇಕು. ಪೂರ್ತಿ ಒಣಗುವಷ್ಟು ಬಿಗಿದರೆ ಪ್ಯಾಕಿಂಗ್ ಸುಟ್ಟು ಶಾಫ್ಟ್‌ನಲ್ಲಿ ಗೀರು ಬೀಳುತ್ತದೆ.

ಹಿನ್ನೀರು_ನೋಟ:
ಕೊನೆಯ ಎರಡು ಸಂದೇಹ. ತಿರುಪಿನ ಮೇಲಿನ ಮರದ ಬಿರಡೆಗೆ ಯಾವ ಅಂಟು? ಬಹಳ ದಿನ ದಡದಲ್ಲಿದ್ದ ಹಲಗೆ ದೋಣಿಯನ್ನು ನೀರಿಗಿಳಿಸುವುದು ಹೇಗೆ?

ಉಳಿ_ಬಾಚಿ:
ಬಿರಡೆಗೆ ವಾರ್ನಿಷ್ಷೇ ಸಾಕು. ಎಪಾಕ್ಸಿ ಹಾಕಿದರೆ ಮುಂದೆ ತಿರುಪು ತೆಗೆಯುವಾಗ ಸುತ್ತಲ ಹಲಗೆಯನ್ನೇ ಕಿತ್ತುಕೊಂಡು ಬರುತ್ತದೆ. ಅದೇ ಮರದ ಚೂರಿನಿಂದ ಕತ್ತರಿಸಿ, ಎಳೆಯನ್ನು ಹಲಗೆಯ ಎಳೆಗೆ ಕೂಡಿಸಿ, ಮೆಲ್ಲಗೆ ತಟ್ಟಿ. ಮಾರನೆಯ ದಿನ ಉಳಿಯಿಂದ ಒಂದೇ ಸಲ ನುಣುಪು ಮಾಡಲು ಹೋಗಬೇಡಿ. ಮೊದಲು ಎತ್ತರದಲ್ಲಿ ಒಂದು ಚೂರು ಕತ್ತರಿಸಿ ಎಳೆ ಯಾವ ಕಡೆ ಇಳಿಯುತ್ತದೆ ನೋಡಿ. ಎಳೆ ಎತ್ತರ ಇರುವ ಕಡೆಯಿಂದ ಇಳಿಜಾರಿನ ದಿಕ್ಕಿಗೆ ಉಳಿ ಇಟ್ಟರೆ ಬಿರಡೆ ಹಲಗೆಯ ಮಟ್ಟದ ಕೆಳಗೆ ಸೀಳುತ್ತದೆ.

ಇಳಿಸುವ ವಿಷಯ: ಒಣಗಿದ ಹಲಗೆಗಳ ನಡುವೆ ಬೆಳಕು ಕಂಡರೆ ಗಾಬರಿಯಾಗಿ ಗಟ್ಟಿ ಪುಟ್ಟಿ ತುಂಬಬೇಡಿ. ಹಿಗ್ಗುವಾಗ ಜಾಗ ಸಾಲದೆ ಹಲಗೆಯ ಅಂಚು ಜಜ್ಜಿಹೋಗುತ್ತದೆ, ಇಲ್ಲವೇ ತಿರುಪು ಕಿತ್ತುಬರುತ್ತದೆ. ಮೊದಲು ಎರಡು–ಮೂರು ದಿನ ಒಳಗೆ ಒದ್ದೆ ಗೋಣಿಚೀಲ ಹಾಸಿ. ಆಮೇಲೆ ಕ್ರೇನ್ ಪಟ್ಟಿಯಲ್ಲೇ ತೂಗಿಸಿಟ್ಟು ನೀರಿಗೆ ಮುಟ್ಟಿಸಿ, ಎರಡು ಪಂಪ್ ಇಟ್ಟುಕೊಳ್ಳಿ, ಒಂದು ಕೆಟ್ಟರೆ ಇನ್ನೊಂದಕ್ಕೆ. 24 ಗಂಟೆಯಿಂದ ಮೂರು ದಿನದೊಳಗೆ ಸಂದುಗಳು ಕೂಡಿಕೊಳ್ಳುತ್ತವೆ. ಮೂರನೇ ದಿನವೂ ಒಂದೇ ಜಾಗದಿಂದ ನೀರು ಬರುತ್ತಿದ್ದರೆ ಅದು ಸಂದಲ್ಲ, ಸಡಿಲವಾದ ತಿರುಪು ಅಥವಾ ಸೀಳಿದ ಹಲಗೆ. ಸೀಮೆಸುಣ್ಣದಿಂದ ಒಳಗೆ ಗುರುತು ಹಾಕಿ, ಮತ್ತೆ ಮೇಲೆತ್ತಿ.